ಟೈಮ್ ವಿಂಡೋ ಇರುವ ಡೆಲಿವರಿ ರೂಟ್‌ಗೆ ಯಾವ ಹ್ಯೂರಿಸ್ಟಿಕ್ ಹಿಡಿಯೋದು?

ಒಂದು ಡಿಪೋ. ಎಂಟು ಗಾಡಿ. ನೂರೈವತ್ತು ವಿಳಾಸ. ಪ್ರತಿ ವಿಳಾಸದ ಪಕ್ಕ ಒಂದು ಹೊತ್ತು ಬರೆದಿದೆ: ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಬನ್ನಿ. ಈ ಲೆಕ್ಕ ಬಿಡಿಸಲು ಕೂತವರು ಮೊದಲ ದಿನವೇ ಹುಡುಕುವುದು ‘ಬೆಸ್ಟ್ ಅಲ್ಗಾರಿದಂ ಯಾವುದು’ ಅಂತ. ಸಿಗುವ ಉತ್ತರಗಳು ತಲೆ ಕೆಡಿಸುತ್ತವೆ. ಒಬ್ಬರು ಸೇವಿಂಗ್ಸ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ಟಾಬು ಸರ್ಚ್ ಅನ್ನುತ್ತಾರೆ. ಮತ್ತೊಬ್ಬರು ಜೆನೆಟಿಕ್ ಇಲ್ಲದೆ ಆಗಲ್ಲ ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರ ಮುಂದಿದ್ದ ಲೆಕ್ಕ ಬೇರೆ ಬೇರೆ, ಅಷ್ಟೇ.

ಹ್ಯೂರಿಸ್ಟಿಕ್ ಅಂದರೆ ಅತ್ಯುತ್ತಮ ಅನ್ನುವ ಖಾತ್ರಿ ಇಲ್ಲದಿದ್ದರೂ ಬೇಗ ಒಳ್ಳೆಯ ಉತ್ತರ ಕೊಡುವ ವಿಧಾನ. ‘ಹ್ಯೂರಿಸ್ಟಿಕ್ ಯಾಕೆ, ಸರಿಯಾದ ಉತ್ತರವನ್ನೇ ಕಂಡುಹಿಡಿಯಬಾರದಾ?’ ಅಂತ ಕೇಳುವವರಿಗೆ ಒಂದು ಮಾತು. ಈ ಸಮಸ್ಯೆಯ ಮೂಲ 1959ರಲ್ಲಿ ಡಾಂಟ್ಜಿಗ್ ಮತ್ತು ರಾಮ್ಸರ್ ಬರೆದ ಪ್ರಬಂಧ. ಪೆಟ್ರೋಲ್ ಟ್ಯಾಂಕರ್‌ಗಳನ್ನು ಬಂಕ್‌ಗಳಿಗೆ ಹೇಗೆ ಕಳಿಸುವುದು ಅನ್ನುವುದು ಅವರ ಪ್ರಶ್ನೆ. ಅದೇ ಸಾಕಷ್ಟು ಕಷ್ಟ. ಅದಕ್ಕೆ ಟೈಮ್ ವಿಂಡೋ ಸೇರಿಸಿದರೆ ಇನ್ನೊಂದು ತೊಡಕು ಬರುತ್ತದೆ. ಗಾಡಿ ಒಂದೇ ಇದ್ದರೂ, ಎಲ್ಲ ವಿಂಡೋ ಪಾಲಿಸುವ ಒಂದಾದರೂ ರೂಟ್ ಇದೆಯಾ ಅಂತ ಹೇಳುವುದೇ ಎನ್‌ಪಿ-ಕಂಪ್ಲೀಟ್ (ಲೆಕ್ಕ ದೊಡ್ಡದಾದರೆ ಬೇಗ ಬಿಡಿಸುವ ವಿಧಾನ ಯಾರಿಗೂ ಗೊತ್ತಿಲ್ಲದ ಬಗೆ) ಅಂತ 1985ರಲ್ಲಿ ಸಾವೆಲ್ಸ್‌ಬರ್ಗ್ ತೋರಿಸಿದರು. ಒಳ್ಳೆಯ ರೂಟ್ ದೂರದ ಮಾತು, ನಡೆಯುವಂಥ ರೂಟ್ ಸಿಗುವುದೇ ಕಷ್ಟ. ಬ್ರಾಂಚ್-ಅಂಡ್-ಪ್ರೈಸ್‌ನಂಥ ನಿಖರ ವಿಧಾನಗಳಿವೆ. ನೂರರ ಆಸುಪಾಸಿನ ಗ್ರಾಹಕರ ತನಕ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅವು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಬೆಳಿಗ್ಗೆ ಗಾಡಿ ಹೊರಡಬೇಕಾದವರಿಗೆ ಅದು ಆಗದ ಮಾತು.

ಮೊದಲು ಕೇಳಿಕೊಳ್ಳಬೇಕಾದ್ದು

ಅಲ್ಗಾರಿದಂ ಹೆಸರು ಎತ್ತುವ ಮೊದಲು ನಿಮ್ಮ ಲೆಕ್ಕದ ಬಗ್ಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಅರ್ಧ ಆಯ್ಕೆ ಇಲ್ಲೇ ಮುಗಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ನೀವು ಏನನ್ನು ಕಡಿಮೆ ಮಾಡಬೇಕು? ಗಾಡಿಗಳ ಸಂಖ್ಯೆಯೋ, ಓಡುವ ದೂರವೋ? ಎರಡೂ ಅಂತ ಎಲ್ಲರೂ ಹೇಳುತ್ತಾರೆ. ಎರಡೂ ಒಟ್ಟಿಗೆ ಬರುವುದಿಲ್ಲ. 1987ರಲ್ಲಿ ಸೊಲೊಮನ್ ಮಾಡಿಟ್ಟ 56 ಪರೀಕ್ಷಾ ಲೆಕ್ಕಗಳಿವೆ, ತಲಾ 100 ಗ್ರಾಹಕರದ್ದು. ಈ ಕ್ಷೇತ್ರದಲ್ಲಿ ಎಲ್ಲರೂ ಅದರ ಮೇಲೆಯೇ ತಮ್ಮ ಕೆಲಸ ಅಳೆಯುತ್ತಾರೆ. ಅದರಲ್ಲಿ ಆರ್101 ಅನ್ನುವ ಲೆಕ್ಕ ನೋಡಿ. ಗಾಡಿ ಕಡಿಮೆ ಮಾಡುವುದೇ ಮೊದಲು ಅಂದರೆ ಸಿಗುವ ಅತ್ಯುತ್ತಮ ಉತ್ತರ 19 ಗಾಡಿ, ದೂರ 1650.80. ದೂರ ಒಂದೇ ಮುಖ್ಯ ಅಂದರೆ 20 ಗಾಡಿ, ದೂರ ಸುಮಾರು 1643. ಒಂದು ಗಾಡಿ ಉಳಿಸಲು ಎಂಟು ಅಳತೆಯಷ್ಟು ಜಾಸ್ತಿ ಓಡಬೇಕು. ಬಾಡಿಗೆ ಗಾಡಿ ಇಟ್ಟವರಿಗೆ ಇದು ಲಾಭ. ಗಾಡಿ, ಡ್ರೈವರ್ ಎಲ್ಲ ಹೇಗೂ ಇದ್ದಾರೆ ಅನ್ನುವವರಿಗೆ ಸುಮ್ನೆ ಡೀಸೆಲ್ ಖರ್ಚು. ಇದನ್ನು ತೀರ್ಮಾನಿಸದೆ ಎರಡು ಅಲ್ಗಾರಿದಂ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಸಂಶೋಧನಾ ಪ್ರಬಂಧಗಳಲ್ಲೂ ಹ್ಯೂರಿಸ್ಟಿಕ್ ಬರೆಯುವವರು ಬಹುಪಾಲು ಗಾಡಿ ಮೊದಲು ಅನ್ನುತ್ತಾರೆ, ನಿಖರ ವಿಧಾನದವರು ದೂರ ಮೊದಲು ಅನ್ನುತ್ತಾರೆ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ಎರಡನೆಯದು, ವಿಂಡೋ ಎಷ್ಟು ಬಿಗಿ? ಅದೇ ಆರ್101ರಲ್ಲಿ ದಿನದ ಉದ್ದ 230, ಪ್ರತಿ ವಿಂಡೋ ಅಗಲ ಬರೀ 10. ಅಲ್ಲಿ ಅದಲು ಬದಲು ಮಾಡಲು ಜಾಗವೇ ಇಲ್ಲ. ‘ಬೆಳಿಗ್ಗೆ’ ಅಥವಾ ‘ಮಧ್ಯಾಹ್ನ’ ಅಂತ ಮಾತ್ರ ಇದ್ದರೆ ಕಥೆಯೇ ಬೇರೆ. ಇದರ ಜೊತೆಗೆ, ವಿಂಡೋ ಮೀರಿದರೆ ಏನಾಗುತ್ತದೆ? ಬಾಗಿಲು ಮುಚ್ಚಿರುತ್ತದಾ, ಅಥವಾ ಗ್ರಾಹಕ ಐದು ನಿಮಿಷ ಗೊಣಗಿ ಪಾರ್ಸೆಲ್ ತಗೊಳ್ತಾನಾ? ಮೊದಲನೆಯದು ಗಟ್ಟಿ ವಿಂಡೋ, ಎರಡನೆಯದು ಮೆದು ವಿಂಡೋ.

ಮೂರನೆಯದು, ಲೆಕ್ಕ ಹಾಕಲು ಎಷ್ಟು ಹೊತ್ತು ಸಿಗುತ್ತದೆ? ಗ್ರಾಹಕ ಫೋನ್ ಹಿಡಿದು ‘ಯಾವ ಸ್ಲಾಟ್ ಖಾಲಿ ಇದೆ’ ಅಂತ ನೋಡುತ್ತಿದ್ದರೆ ಒಂದು ಸೆಕೆಂಡೂ ಇಲ್ಲ. ರಾತ್ರಿ ಆರ್ಡರ್ ನಿಲ್ಲಿಸಿ ಬೆಳಿಗ್ಗೆ ಗಾಡಿ ಬಿಡುವುದಾದರೆ ಗಂಟೆಗಟ್ಟಲೆ ಇದೆ.

ಆಮೇಲೆ ಚಿಲ್ಲರೆ ನಿಯಮಗಳು. ಡ್ರೈವರ್ ಊಟದ ಬಿಡುವು, ದೊಡ್ಡ ಗಾಡಿ ಹೋಗದ ಬೀದಿ, ಒಂದು ಕಡೆ ಎತ್ತಿ ಇನ್ನೊಂದು ಕಡೆ ಇಳಿಸುವ ಸರಕು, ಫ್ರಿಜ್ ಇರುವ ಗಾಡಿಯೇ ಬೇಕಾದ ಸರಕು. ಇವು ಎಷ್ಟಿವೆ, ಮುಂದೆ ಎಷ್ಟು ಸೇರಬಹುದು? ಕೊನೆಗೆ, ಈ ಕೋಡ್ ನೋಡಿಕೊಳ್ಳುವವರು ಯಾರು?

ಒಂದು ಪುಟ್ಟ ರೂಟ್, ಕೈಯಲ್ಲಿ ಹಿಡಿದು

ಆಯ್ಕೆಗಳಿಗೆ ಬರುವ ಮೊದಲು ಒಂದು ಉದಾಹರಣೆ. ಇದು ಅರ್ಥವಾದರೆ ಮುಂದಿನದೆಲ್ಲ ಸಲೀಸು.

ಗಾಡಿ 9:00ಕ್ಕೆ ಡಿಪೋ ಬಿಡುತ್ತದೆ. ಎ ಅನ್ನುವ ಗ್ರಾಹಕರಿಗೆ 20 ನಿಮಿಷದ ದಾರಿ. ಅವರ ವಿಂಡೋ 9:30ರಿಂದ 10:30. ಗಾಡಿ 9:20ಕ್ಕೆ ತಲುಪಿ ಹತ್ತು ನಿಮಿಷ ಕಾಯುತ್ತದೆ. ಪ್ರತಿ ಮನೆಯಲ್ಲಿ ಇಳಿಸಲು 10 ನಿಮಿಷ ಅಂದುಕೊಳ್ಳಿ. 9:40ಕ್ಕೆ ಹೊರಟು 25 ನಿಮಿಷ ಓಡಿ 10:05ಕ್ಕೆ ಬಿ ಹತ್ತಿರ. ಬಿ ವಿಂಡೋ 10:00ರಿಂದ 12:00. 10:15ಕ್ಕೆ ಹೊರಟು 15 ನಿಮಿಷ ಓಡಿ 10:30ಕ್ಕೆ ಸಿ ಹತ್ತಿರ. ಸಿ ವಿಂಡೋ 10:20ರಿಂದ 10:45. ಆಮೇಲೆ ಆರಾಮಾಗಿ ಡಿಪೋಗೆ ವಾಪಸ್.

ಈಗ ಡಿ ಅನ್ನುವ ಹೊಸ ಆರ್ಡರ್ ಬಂತು. ವಿಂಡೋ 9:00ರಿಂದ 11:00. ಡಿಪೋದಿಂದ ಡಿಗೆ 15 ನಿಮಿಷ, ಎಗೂ ಡಿಗೂ ನಡುವೆ 15, ಡಿಯಿಂದ ಬಿಗೆ 20.

ಡಿಯನ್ನು ಎಗಿಂತ ಮೊದಲು ಹಾಕಿದರೆ ಓಡುವ ದಾರಿ 10 ನಿಮಿಷ ಜಾಸ್ತಿ: 15 ಕೂಡಿಸು 15, ಕಳೆ 20. ಎ ಮತ್ತು ಬಿ ನಡುವೆ ಹಾಕಿದರೂ 10 ನಿಮಿಷವೇ ಜಾಸ್ತಿ: 15 ಕೂಡಿಸು 20, ಕಳೆ 25. ದೂರ ಮಾತ್ರ ನೋಡುವವನಿಗೆ ಎರಡೂ ಒಂದೇ.

ಆದರೆ ಗಡಿಯಾರ ನೋಡಿ. ಮೊದಲು ಹಾಕಿದರೆ ಡಿ ಹತ್ತಿರ 9:15, ಹೊರಡುವುದು 9:25, ಎ ಹತ್ತಿರ 9:40. ಮೊದಲು ಕಾಯುತ್ತಿದ್ದ ಹತ್ತು ನಿಮಿಷ ಇಲ್ಲಿ ಕೆಲಸಕ್ಕೆ ಬಂತು. ಓಡಾಟ ಮತ್ತು ಇಳಿಸುವುದು ಸೇರಿ 20 ನಿಮಿಷ ಖರ್ಚಾದರೂ ಎ ಕೆಲಸ ಶುರುವಾಗುವುದು ತಡವಾಗಿದ್ದು 10 ನಿಮಿಷ ಮಾತ್ರ. ಸಿ ಹತ್ತಿರ 10:40. ಐದು ನಿಮಿಷ ಉಳಿಯಿತು. ಎರಡನೇ ಜಾಗದಲ್ಲಿ ಹಾಕಿದರೆ 20 ನಿಮಿಷವೂ ಹಾಗೇ ಮುಂದೆ ಹೋಗುತ್ತದೆ. ಬಿ 10:25, ಸಿ 10:50. ಬಾಗಿಲು 10:45ಕ್ಕೇ ಮುಚ್ಚಿತು.

ಇದನ್ನು ಪ್ರತಿ ಸಲ ಕೊನೆ ತನಕ ಓಡಿಸಿ ನೋಡುವುದು ದುಬಾರಿ. ಅದರ ಬದಲು ಪ್ರತಿ ನಿಲ್ದಾಣದಲ್ಲೂ ‘ಇಲ್ಲಿ ಎಷ್ಟು ನಿಮಿಷ ತಡವಾದರೂ ಮುಂದೆ ಯಾರಿಗೂ ತೊಂದರೆ ಇಲ್ಲ’ ಅನ್ನುವ ಒಂದು ಅಂಕಿ ಮೊದಲೇ ಬರೆದಿಡಬಹುದು. ಅದಕ್ಕೆ ಸ್ಲ್ಯಾಕ್ ಅನ್ನುತ್ತಾರೆ. ನಮ್ಮ ರೂಟ್‌ನಲ್ಲಿ ಸಿ ಹತ್ತಿರ 15 ನಿಮಿಷ ಇದೆ. ಹಾಗಾಗಿ ಬಿ ಸ್ಲ್ಯಾಕ್ 15, ಎ ಸ್ಲ್ಯಾಕ್ ಕೂಡ 15. ತಾವೆಷ್ಟೇ ಆರಾಮಾಗಿದ್ದರೂ ಹಿಂದಿರುವವರಿಗೆ ಸಿ ಹಾಕಿದ ಕಡಿವಾಣ ತಪ್ಪಿದ್ದಲ್ಲ. 10 ತಡ, 15ರೊಳಗೆ ಇದೆ, ಆಗಬಹುದು. 20 ತಡ, ಆಗಲ್ಲ. ಒಂದೇ ಹೋಲಿಕೆಯಲ್ಲಿ ಉತ್ತರ. ಲಕ್ಷಗಟ್ಟಲೆ ಬದಲಾವಣೆ ಪರೀಕ್ಷಿಸುವ ಯಾವ ಅಲ್ಗಾರಿದಂಗೂ ಈ ತಂತ್ರವೇ ಬೆನ್ನೆಲುಬು. ಸ್ಲ್ಯಾಕ್ ಇಲ್ಲದೆ ಬರೆದ ದೊಡ್ಡ ಹೆಸರಿನ ಅಲ್ಗಾರಿದಂಗಿಂತ ಸ್ಲ್ಯಾಕ್ ಇಟ್ಟು ಬರೆದ ಸಾದಾ ಅಲ್ಗಾರಿದಂ ಎಷ್ಟೋ ಮೇಲು. ನಾನು ಮೊದಲ ಸಲ ಬರೆದಾಗ ಕಾಯುವ ಹೊತ್ತನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಗುವ ರೂಟ್‌ಗಳನ್ನೆಲ್ಲ ‘ಆಗಲ್ಲ’ ಅಂತ ಬಿಸಾಡುತ್ತಿತ್ತು. ಎರಡು ವಾರ ಅಲ್ಗಾರಿದಂ ಮೇಲೆ ಗೂಬೆ ಕೂರಿಸಿದ್ದೆ.

ಸೇವಿಂಗ್ಸ್: ಹಳೆಯದು, ಸರಳ, ಆದರೆ ಗಡಿಯಾರ ಕಾಣದು

1964ರ ಕ್ಲಾರ್ಕ್–ರೈಟ್ ವಿಧಾನ. ಮೊದಲು ಪ್ರತಿ ಗ್ರಾಹಕರಿಗೂ ಒಂದೊಂದು ಗಾಡಿ ಅಂತ ಇಟ್ಟುಕೊಳ್ಳುವುದು. ಆಮೇಲೆ ಇಬ್ಬರನ್ನು ಒಂದೇ ರೂಟ್‌ಗೆ ಸೇರಿಸಿದರೆ ಎಷ್ಟು ಉಳಿತಾಯ ಅಂತ ನೋಡಿ, ಜಾಸ್ತಿ ಉಳಿಯುವ ಜೋಡಿಯಿಂದ ಸೇರಿಸುತ್ತಾ ಹೋಗುವುದು. ಅರ್ಧ ದಿನದಲ್ಲಿ ಬರೆಯಬಹುದು. ಸಾವಿರ ವಿಳಾಸವನ್ನೂ ಚಿಟಿಕೆ ಹೊಡೆಯುವುದರಲ್ಲಿ ಮುಗಿಸುತ್ತದೆ.

ವಿಂಡೋ ಇಲ್ಲದಿದ್ದರೆ ಇಂದಿಗೂ ಒಳ್ಳೆಯ ಆರಂಭ. ವಿಂಡೋ ಬಂದ ಕೂಡಲೇ ತೊಂದರೆ. ಅಕ್ಕಪಕ್ಕದ ಮನೆಯ ಇಬ್ಬರು, ಒಬ್ಬರದ್ದು ಬೆಳಿಗ್ಗೆ 9, ಇನ್ನೊಬ್ಬರದ್ದು ಸಂಜೆ 4. ಸೇವಿಂಗ್ಸ್‌ಗೆ ಇದು ಬಂಗಾರದ ಜೋಡಿ. ಸೇರಿಸಿಬಿಡುತ್ತದೆ. ನಡುವೆ ಗಾಡಿ ಗಂಟೆಗಟ್ಟಲೆ ರಸ್ತೆ ಬದಿಯಲ್ಲಿ ನಿಂತಿರುತ್ತದೆ. ಸೊಲೊಮನ್ ಕೂಡ ಇದೇ ತೊಡಕನ್ನು ಎತ್ತಿ ತೋರಿಸಿದ್ದರು. ಕಾಯುವ ಹೊತ್ತಿಗೆ ಮಿತಿ ಹಾಕಿ ಸ್ವಲ್ಪ ಸುಧಾರಿಸಬಹುದು. ಆದರೂ ವಿಂಡೋ ಬಿಗಿ ಇದ್ದಲ್ಲಿ ನಾನು ಇದನ್ನು ಮುಟ್ಟುವುದಿಲ್ಲ. ವಿಂಡೋ ಬಹುತೇಕ ಇಡೀ ದಿನ ಇದ್ದು, ನಾಲ್ಕೈದು ಜನರಿಗೆ ಮಾತ್ರ ಹೊತ್ತು ನಿಗದಿಯಾಗಿದ್ದರೆ ಪರವಾಗಿಲ್ಲ.

ಇನ್ಸರ್ಷನ್: ಎಲ್ಲರೂ ಇಲ್ಲಿಂದ ಶುರು ಮಾಡಬೇಕು

ಮೇಲಿನ ಡಿ ಉದಾಹರಣೆ ಇದೇ. ಸೊಲೊಮನ್ 1987ರಲ್ಲಿ ಹಲವು ಸರಳ ವಿಧಾನಗಳನ್ನು ಹೋಲಿಸಿ ನೋಡಿದಾಗ ಐ1 ಅನ್ನುವ ಇನ್ಸರ್ಷನ್ ಒಟ್ಟಾರೆ ಮೇಲುಗೈ ಸಾಧಿಸಿತು. ರೂಟ್ ಒಂದನ್ನು ಒಬ್ಬ ಗ್ರಾಹಕನಿಂದ ಶುರು ಮಾಡುವುದು. ಡಿಪೋಗೆ ಅತಿ ದೂರದವರು, ಇಲ್ಲವೇ ಬೇಗ ಬಾಗಿಲು ಮುಚ್ಚುವವರು. ಉಳಿದ ಪ್ರತಿಯೊಬ್ಬರಿಗೂ ಆ ರೂಟ್‌ನಲ್ಲಿ ಒಳ್ಳೆಯ ಜಾಗ ಹುಡುಕುವುದು. ಜಾಗದ ಬೆಲೆಯಲ್ಲಿ ದೂರಕ್ಕೂ ಪಾಲು, ಮುಂದಿನವರಿಗೆ ಆಗುವ ತಡಕ್ಕೂ ಪಾಲು. ಯಾರನ್ನೂ ಹಾಕಲು ಆಗದಾಗ ಹೊಸ ಗಾಡಿ.

ಇದರ ದೌರ್ಬಲ್ಯ ಹೊರಗಡೆಯೇ ಕಾಣುತ್ತದೆ. ಸುಲಭದವರು ಮೊದಲು ಸೇರಿಕೊಳ್ಳುತ್ತಾರೆ, ಬಿಗಿ ವಿಂಡೋದವರು ಕೊನೆಗೆ ಉಳಿಯುತ್ತಾರೆ. ಕೊನೆಯ ಗಾಡಿಯಲ್ಲಿ ಊರಿನ ನಾಲ್ಕು ಮೂಲೆಯ ನಾಲ್ಕು ಮನೆ. ಇದಕ್ಕೆ ಮದ್ದು ರಿಗ್ರೆಟ್ ಇನ್ಸರ್ಷನ್. ಎಲ್ಲ ಗಾಡಿಗಳನ್ನೂ ಒಟ್ಟಿಗೆ ತುಂಬುತ್ತಾ, ಪ್ರತಿ ಗ್ರಾಹಕನ ಬಗ್ಗೆ ಕೇಳುವುದು: ‘ಇವನಿಗೆ ಈಗಿನ ಒಳ್ಳೆಯ ರೂಟ್ ತಪ್ಪಿದರೆ ಎರಡನೇ ಒಳ್ಳೆಯದು ಎಷ್ಟು ದುಬಾರಿ?’ ಆ ವ್ಯತ್ಯಾಸ ಜಾಸ್ತಿ ಇರುವವನಿಗೆ ಮೊದಲ ಜಾಗ. ನಾಲ್ಕು ಸಾಲು ಜಾಸ್ತಿ ಕೋಡ್, ಉತ್ತರದಲ್ಲಿ ಕಣ್ಣಿಗೆ ಕಾಣುವ ಸುಧಾರಣೆ. ಒಂದೇ ವಿಧಾನ ಬರೆಯಲು ಸಮಯ ಇದೆ ಅಂದರೆ ಇದನ್ನು ಬರೆಯಿರಿ.

ಗ್ರಾಹಕರಿಗೆ ಕೂತಲ್ಲೇ ಸ್ಲಾಟ್ ತೋರಿಸಬೇಕಾದವರಿಗಂತೂ ಇದಕ್ಕೆ ಬದಲಿ ಇಲ್ಲ. ಹೊಸ ಆರ್ಡರ್ ಒಂದು, ಇರುವ ರೂಟ್‌ಗಳು ಹತ್ತು. ಸ್ಲ್ಯಾಕ್ ಅಂಕಿ ಸಿದ್ಧ ಇದ್ದರೆ ಎಲ್ಲ ಜಾಗ ಪರೀಕ್ಷಿಸಲು ಮಿಲಿಸೆಕೆಂಡ್ ಸಾಕು.

ಲೋಕಲ್ ಸರ್ಚ್, ಟಾಬು ಮತ್ತು ಅದರ ಸಂಸಾರ

ಇನ್ಸರ್ಷನ್ ಕೊಟ್ಟ ಉತ್ತರವನ್ನು ಹಿಡಿದು ಸಣ್ಣ ಸಣ್ಣ ಬದಲಾವಣೆ ಮಾಡುತ್ತಾ ಹೋಗುವುದು. ಒಬ್ಬನನ್ನು ಎತ್ತಿ ಬೇರೆ ರೂಟ್‌ಗೆ ಹಾಕು. ಇಬ್ಬರನ್ನು ಅದಲು ಬದಲು ಮಾಡು. ಸುಧಾರಿಸಿದರೆ ಇಟ್ಟುಕೊ.

ಇಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ. ಪಠ್ಯಪುಸ್ತಕದ 2-ಆಪ್ಟ್ ತಂದು ಹಾಕುವುದು. 2-ಆಪ್ಟ್ ರೂಟ್‌ನ ಒಂದು ತುಂಡನ್ನು ತಿರುವಿ ಹಾಕುತ್ತದೆ. ವಿಂಡೋ ಇರುವಾಗ ಬೆಳಗಿನವರು ಸಂಜೆಗೆ, ಸಂಜೆಯವರು ಬೆಳಗಿಗೆ ಬಂದರೆ ನಡೆಯುತ್ತದಾ? ಬಹುಪಾಲು ಎಲ್ಲ ತಿರುವುಗಳೂ ‘ಆಗಲ್ಲ’. ಕಂಪ್ಯೂಟರ್ ಬಿಸಿಯಾದದ್ದಷ್ಟೇ ಲಾಭ. ಅದರ ಬದಲು 2-ಆಪ್ಟ್ ಸ್ಟಾರ್ ಇದೆ. ಪೊಟ್ವಾಂ ಮತ್ತು ರೂಸೋ 1995ರಲ್ಲಿ ಬರೆದದ್ದು. ಎರಡು ರೂಟ್‌ಗಳ ಬಾಲ ಕತ್ತರಿಸಿ ಒಂದಕ್ಕೊಂದು ಜೋಡಿಸುವುದು, ಯಾವುದನ್ನೂ ತಿರುವದೆ. ಹಾಗೇ ಆರ್-ಆಪ್ಟ್: ಒಂದರಿಂದ ಮೂರು ಜನರ ತುಂಡನ್ನು ಅದೇ ಕ್ರಮದಲ್ಲಿ ಎತ್ತಿ ಬೇರೆಡೆ ಇಡುವುದು. ಟೈಮ್ ವಿಂಡೋಗೆ ಈ ಎರಡು ಹೊಂದುತ್ತವೆ.

ಬರೀ ಲೋಕಲ್ ಸರ್ಚ್, ಯಾವ ಸಣ್ಣ ಬದಲಾವಣೆಯಿಂದಲೂ ಸುಧಾರಿಸದ ಒಂದು ಗುಂಡಿಯಲ್ಲಿ ಬೇಗ ಸಿಕ್ಕಿಬೀಳುತ್ತದೆ. ಅಲ್ಲಿಂದ ಎಬ್ಬಿಸಲು ಟಾಬು ಸರ್ಚ್ ಈಗ ತಾನೇ ಮಾಡಿದ್ದನ್ನು ಸ್ವಲ್ಪ ಹೊತ್ತು ನಿಷೇಧಿಸುತ್ತದೆ. ಸಿಮ್ಯುಲೇಟೆಡ್ ಅನೀಲಿಂಗ್ ಕೆಲವೊಮ್ಮೆ ಕೆಟ್ಟ ಬದಲಾವಣೆಯನ್ನೂ ಒಪ್ಪಿಕೊಳ್ಳುತ್ತದೆ. ಗೈಡೆಡ್ ಲೋಕಲ್ ಸರ್ಚ್ ಪದೇ ಪದೇ ಬರುವ ದುಬಾರಿ ದಾರಿಗಳಿಗೆ ದಂಡ ಹಾಕುತ್ತದೆ. ಮೆದು ವಿಂಡೋ ಇದ್ದವರಿಗೆ ಈ ಗುಂಪು ಒಗ್ಗುತ್ತದೆ, ಯಾಕೆಂದರೆ ತಡಕ್ಕೆ ದಂಡ ಸೇರಿಸುವುದು ಸುಲಭ.

ಗೂಗಲ್‌ನ ಓಆರ್-ಟೂಲ್ಸ್ ಲೈಬ್ರರಿ ಬಳಸುವವರು ತಿಳಿದೋ ತಿಳಿಯದೆಯೋ ಈ ಮನೆಯಲ್ಲೇ ಇದ್ದೀರಿ. ಮೊದಲ ಉತ್ತರಕ್ಕೆ ಇನ್ಸರ್ಷನ್ ಥರದ ವಿಧಾನ, ಆಮೇಲೆ ಗೈಡೆಡ್ ಲೋಕಲ್ ಸರ್ಚ್ ಅಂತ ಹೇಳಿಕೊಟ್ಟರೆ ಸಾಕು. ಉಚಿತ, ಚೆನ್ನಾಗಿ ಪಳಗಿದೆ, ಡ್ರೈವರ್ ಬಿಡುವಿನ ಥರದ ಚಿಲ್ಲರೆ ನಿಯಮಗಳಿಗೂ ಜಾಗ ಇದೆ. ಎರಡು ಎಚ್ಚರಿಕೆ. ಸಮಯದ ಮಿತಿ ಹಾಕದಿದ್ದರೆ ಗೈಡೆಡ್ ಲೋಕಲ್ ಸರ್ಚ್ ತಾನಾಗಿ ನಿಲ್ಲುವುದಿಲ್ಲ. ಎಲ್ಲ ಅಂಕಿಯೂ ಪೂರ್ಣಾಂಕವೇ ಆಗಬೇಕು. ದೂರವನ್ನು ಕಿಲೋಮೀಟರ್‌ನಲ್ಲಿ ಕೊಟ್ಟು ದಶಾಂಶ ಕತ್ತರಿಸಿದರೆ ಅಕ್ಕಪಕ್ಕದ ಮನೆಗಳ ದೂರ ಸೊನ್ನೆ ಆಗಿ ಕೂರುತ್ತದೆ. ಮೀಟರ್, ಸೆಕೆಂಡ್‌ನಲ್ಲಿ ಕೊಡಿ.

ಕೆಡವಿ ಕಟ್ಟುವುದು: ನನ್ನ ಓಟು ಇದಕ್ಕೆ

1998ರಲ್ಲಿ ಪಾಲ್ ಶಾ ಲಾರ್ಜ್ ನೇಬರ್‌ಹುಡ್ ಸರ್ಚ್ (ಎಲ್‌ಎನ್‌ಎಸ್) ಅಂತ ಒಂದು ವಿಧಾನ ತಂದರು. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಇರುವ ಉತ್ತರದಿಂದ ಒಂದಷ್ಟು ಗ್ರಾಹಕರನ್ನು ಕಿತ್ತು ಹೊರಗೆ ಹಾಕಿ, ಮತ್ತೆ ಸೇರಿಸಿ. ಒಳ್ಳೆಯದಾದರೆ ಇಟ್ಟುಕೊಳ್ಳಿ. ಸಾವಿರಾರು ಸಲ ಮಾಡಿ.

ಗುಟ್ಟು ಇರುವುದು ಯಾರನ್ನು ಕೀಳುತ್ತೀರಿ ಅನ್ನುವುದರಲ್ಲಿ. ಸುಮ್ನೆ ಯಾರನ್ನೋ ಕಿತ್ತರೆ ಅವರವರ ಹಳೇ ಜಾಗಕ್ಕೇ ವಾಪಸ್ ಹೋಗುತ್ತಾರೆ. ಶಾ ಹೇಳಿದ್ದು, ಒಬ್ಬರಿಗೊಬ್ಬರು ಹೋಲುವವರನ್ನು ಕೀಳಿ. ಹತ್ತಿರದ ಮನೆ, ಹತ್ತಿರದ ಹೊತ್ತು. ಅವರು ತಮ್ಮೊಳಗೆ ಜಾಗ ಬದಲಿಸಿಕೊಳ್ಳಬಲ್ಲರು. ಇದರ ಜೊತೆಗೆ ‘ರೂಟ್‌ಗೆ ತುಂಬಾ ದುಬಾರಿಯಾದವರನ್ನು ಕೀಳು’ ಅನ್ನುವ ಬಗೆಯೂ ಇದೆ, ಪೂರ್ತಿ ಯಾದೃಚ್ಛಿಕ ಬಗೆಯೂ ಇದೆ. 2006ರಲ್ಲಿ ರೋಪ್ಕೆ ಮತ್ತು ಪಿಸಿಂಗರ್ ಇವೆಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರು. ಯಾವುದು ಹೆಚ್ಚು ಸಲ ಫಲ ಕೊಟ್ಟಿತೋ ಅದಕ್ಕೆ ಮುಂದೆ ಹೆಚ್ಚು ಅವಕಾಶ. ಇದೇ ಎಎಲ್‌ಎನ್‌ಎಸ್, ಅಡಾಪ್ಟಿವ್ ಅನ್ನುವ ಮುಂಬಾಲ ಸೇರಿಕೊಂಡ ಎಲ್‌ಎನ್‌ಎಸ್. ಜೆಸ್ಪ್ರಿಟ್ ಅನ್ನುವ ಜಾವಾ ಲೈಬ್ರರಿಯೂ ಕೆಡವಿ ಕಟ್ಟುವ ಇದೇ ಮನೆತನದ್ದು.

ಇದು ನನಗೆ ಯಾಕೆ ಇಷ್ಟ? ಮತ್ತೆ ಸೇರಿಸುವ ಕೆಲಸಕ್ಕೆ ಬೇಕಾದ್ದು ನೀವು ಆಗಲೇ ಬರೆದ ರಿಗ್ರೆಟ್ ಇನ್ಸರ್ಷನ್. ಹೊಸದಾಗಿ ಬರೆಯುವುದು ಕೀಳುವ ಭಾಗ ಮಾತ್ರ. ಇನ್ನೂ ದೊಡ್ಡ ಕಾರಣ, ಚಿಲ್ಲರೆ ನಿಯಮಗಳು. ‘ಇವರ ಮನೆಗೆ ಸಣ್ಣ ಗಾಡಿಯೇ ಹೋಗಬೇಕು’ ಅಂತ ನಾಳೆ ಬಂದರೆ, ಒಂದೇ ಕಡೆ, ಅಂದರೆ ಸೇರಿಸಬಹುದಾ ಅಂತ ನೋಡುವ ಫಂಕ್ಷನ್‌ನಲ್ಲಿ, ಒಂದು ಸಾಲು ಸೇರಿಸಿದರೆ ಮುಗಿಯಿತು. ಲೋಕಲ್ ಸರ್ಚ್‌ನಲ್ಲಾದರೆ ಪ್ರತಿ ಬಗೆಯ ಬದಲಾವಣೆಗೂ ಆ ನಿಯಮ ಕಲಿಸಬೇಕು. ಬಿಗಿ ವಿಂಡೋದಲ್ಲೂ ಇದು ಗೆಲ್ಲುತ್ತದೆ. ಒಬ್ಬನನ್ನು ಸರಿಸಲು ಜಾಗ ಇಲ್ಲದಾಗ, ಒಟ್ಟಿಗೆ ಇಪ್ಪತ್ತು ಜನರನ್ನು ಎತ್ತಿದರೆ ಜಾಗ ತಾನಾಗಿ ಆಗುತ್ತದೆ.

ಮಧ್ಯಾಹ್ನ ಗಾಡಿ ಕೆಟ್ಟು ನಿಂತರೂ ಇದೇ ಒಳ್ಳೆಯದು. ಆ ಗಾಡಿಯವರನ್ನೂ, ಅವರ ಸುತ್ತಮುತ್ತಲಿನ ಕೆಲವರನ್ನೂ ಕಿತ್ತು ಮತ್ತೆ ಸೇರಿಸಿ. ಉಳಿದ ಡ್ರೈವರ್‌ಗಳ ಪಟ್ಟಿ ಹಾಗೇ ಇರುತ್ತದೆ. ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ ಎಂಟು ಜನರ ಪಟ್ಟಿಯನ್ನೂ ಅರ್ಧ ದಾರಿಯಲ್ಲಿ ಬದಲಿಸಿದರೆ ಅವರ ಬಾಯಲ್ಲಿ ಏನು ಕೇಳಬೇಕಾಗುತ್ತದೆ ಅಂತ ಬೇರೆ ಹೇಳಬೇಕಾ?

ಕುಂದು ಇಲ್ಲವೆಂದಲ್ಲ. ಎಷ್ಟು ಜನರನ್ನು ಕೀಳಬೇಕು, ಕೆಟ್ಟ ಉತ್ತರವನ್ನು ಎಷ್ಟು ಸಲ ಒಪ್ಪಬೇಕು ಅಂತ ತಿರುಗಿಸಬೇಕಾದ ಗುಂಡಿಗಳು ಹಲವಿವೆ. ಸಾವಿರ ದಾಟಿದ ಗ್ರಾಹಕರಿದ್ದರೆ ರಿಗ್ರೆಟ್ ಲೆಕ್ಕ ನಿಧಾನ. ಆಗ ದೂರದ ರೂಟ್‌ಗಳನ್ನು ನೋಡದೆ ಹತ್ತಿರದವನ್ನಷ್ಟೇ ನೋಡುವಂತೆ ಕಟ್ಟಿಹಾಕಬೇಕು. ಗಾಡಿ ಸಂಖ್ಯೆ ಇಳಿಸುವುದು ತಾನಾಗಿ ಆಗುವುದೂ ಇಲ್ಲ. ಅದಕ್ಕೆ ಬೇರೆಯದೇ ಹಂತ ಬೇಕು: ಒಂದು ರೂಟ್ ಪೂರ್ತಿ ಅಳಿಸಿ, ಅದರವರನ್ನೆಲ್ಲ ಉಳಿದ ಗಾಡಿಗಳಲ್ಲಿ ತುರುಕಲು ಆಗುತ್ತದಾ ಅಂತ ನೋಡುವುದು.

ಹೈಬ್ರಿಡ್ ಜೆನೆಟಿಕ್: ಕೊನೆಯ ಹನಿ ಹಿಂಡಲು

ಜೆನೆಟಿಕ್ ಅಂದರೆ ಸುಮ್ನೆ ಎರಡು ಉತ್ತರ ಬೆರೆಸಿ ಮರಿ ಮಾಡುವುದಲ್ಲ. ಹಾಗೆ ಮಾಡಿದ ಮರಿಗಳು ಬಹುತೇಕ ಅಂಗವಿಕಲ. ಟಿಬೊ ವಿಡಾಲ್ ಮತ್ತು ಜೊತೆಗಾರರ ಎಚ್‌ಜಿಎಸ್‌ನಲ್ಲಿ (ಹೈಬ್ರಿಡ್ ಜೆನೆಟಿಕ್ ಸರ್ಚ್) ಪ್ರತಿ ಮರಿಯನ್ನೂ ಗಟ್ಟಿ ಲೋಕಲ್ ಸರ್ಚ್‌ಗೆ ಹಾಕಿ ತಿದ್ದಲಾಗುತ್ತದೆ. ಎಲ್ಲ ಉತ್ತರಗಳೂ ಒಂದೇ ಥರ ಆಗದಂತೆ ಭಿನ್ನವಾಗಿರುವುದಕ್ಕೂ ಅಂಕ ಕೊಡಲಾಗುತ್ತದೆ. 2013ರಲ್ಲಿ ಇದಕ್ಕೆ ಟೈಮ್ ವಿಂಡೋ ಸೇರಿತು.

ಇದರೊಳಗಿನ ಒಂದು ಉಪಾಯ ಸೊಗಸಾಗಿದೆ: ಟೈಮ್ ವಾರ್ಪ್. ನಮ್ಮ ಉದಾಹರಣೆಯಲ್ಲಿ ಗಾಡಿ ಸಿ ಹತ್ತಿರ 10:50ಕ್ಕೆ ಬಂತಲ್ವಾ? ‘ಆಗಲ್ಲ’ ಅನ್ನುವ ಬದಲು, ಐದು ನಿಮಿಷದ ದಂಡ ಕಟ್ಟಿ ಗಡಿಯಾರವನ್ನು 10:45ಕ್ಕೆ ಹಿಂದಕ್ಕೆ ತಿರುಗಿಸಿಕೋ ಅನ್ನುವುದು. ಮುಂದಿನವರಿಗೆ ಆ ತಡ ಅಂಟುವುದಿಲ್ಲ. ಹೀಗೆ ಹುಡುಕಾಟ ನಿಯಮ ಮುರಿದ ಉತ್ತರಗಳ ಮೂಲಕ ಹಾದು ಒಳ್ಳೆಯ ಉತ್ತರಕ್ಕೆ ತಲುಪುತ್ತದೆ. ದಂಡ ಏರಿಸುತ್ತಾ ಹೋದರೆ ಕೊನೆಗೆ ನಿಯಮ ಪಾಲಿಸುವ ಉತ್ತರವೇ ಉಳಿಯುತ್ತದೆ.

ಅಂಕಿಯ ದೃಷ್ಟಿಯಿಂದ ಈ ಮನೆತನವನ್ನು ಸೋಲಿಸುವುದು ಕಷ್ಟ. ನೀವೇ ಬರೆಯುವ ಅಗತ್ಯವೂ ಇಲ್ಲ. ಪೈವಿಆರ್‌ಪಿ ಅನ್ನುವ ಮುಕ್ತ ಲೈಬ್ರರಿ ಈ ಹಾದಿಯಲ್ಲೇ ಹುಟ್ಟಿದ್ದು. ಒಳಗಿನ ಬಿಸಿ ಭಾಗ ಸಿ++, ಬಳಸುವುದು ಪೈಥಾನ್‌ನಿಂದ. ವಿಂಡೋ, ಬೇರೆ ಬೇರೆ ಗಾತ್ರದ ಗಾಡಿ, ಬಿಟ್ಟರೂ ನಡೆಯುವ ಗ್ರಾಹಕರು, ಎಲ್ಲ ಸಿಗುತ್ತವೆ. ಲೈಬ್ರರಿಯಲ್ಲಿ ಇಲ್ಲದ ನಿಯಮ ನಿಮಗೆ ಬೇಕಾದಾಗ ಮಾತ್ರ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು. ವೇಗಕ್ಕಾಗಿ ಒಳಗೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ. ಹೊಸ ನಿಯಮ ತುರುಕುವುದು ಒಂದು ಸಾಲಿನ ಕೆಲಸ ಅಲ್ಲ.

ಇರುವೆಗಳ ವಿಧಾನದ ಬಗ್ಗೆಯೂ ಜಾಸ್ತಿ ಜನ ಕೇಳುತ್ತಾರೆ. 1999ರಲ್ಲಿ ಗಂಬರ್ಡೆಲ್ಲಾ ಮತ್ತು ಜೊತೆಗಾರರು ಎರಡು ಇರುವೆ ಗೂಡು ಇಟ್ಟರು. ಒಂದು ಗಾಡಿ ಕಡಿಮೆ ಮಾಡಲು, ಇನ್ನೊಂದು ದೂರ ಕಡಿಮೆ ಮಾಡಲು. ಆ ಕಾಲಕ್ಕೆ ಒಳ್ಳೆಯ ಕೆಲಸ, ಓದಲು ಚೆಂದ. ಇವತ್ತು ಹೊಸದಾಗಿ ಶುರು ಮಾಡುವವರು ಅದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ನೂರರೊಳಗೆ ವಿಳಾಸ, ಸಡಿಲ ವಿಂಡೋ, ಕೋಡ್ ನೋಡಿಕೊಳ್ಳಲು ಪ್ರತ್ಯೇಕ ಜನ ಇಲ್ಲ ಅನ್ನುವವರು ಏನನ್ನೂ ಬರೆಯಬೇಡಿ. ಓಆರ್-ಟೂಲ್ಸ್ ಅಥವಾ ವ್ರೂಮ್ ತಂದು ಓಡಿಸಿ. ವ್ರೂಮ್ ಮುಕ್ತ ತಂತ್ರಾಂಶ, ತುಂಬಾ ವೇಗ. ಓಎಸ್‌ಆರ್‌ಎಂನಂಥ ರಸ್ತೆ ನಕ್ಷೆ ಸರ್ವರ್ ಜೊತೆ ನೇರ ಮಾತಾಡುತ್ತದೆ. ಆಗದ ಆರ್ಡರ್‌ಗಳನ್ನು ‘ಇವು ಉಳಿದವು’ ಅಂತ ಬೇರೆ ಪಟ್ಟಿಯಲ್ಲಿ ಕೊಡುತ್ತದೆ.

ಕೂತಲ್ಲೇ ಸ್ಲಾಟ್ ತೋರಿಸಬೇಕಾದವರಿಗೆ ಜೋಡಿ ಬೇಕು. ಹಗಲು ಇನ್ಸರ್ಷನ್, ಹಿನ್ನೆಲೆಯಲ್ಲಿ ಆಗಾಗ ಕೆಡವಿ ಕಟ್ಟುವುದು. ಇನ್ಸರ್ಷನ್ ‘ಆಗುತ್ತೆ’ ಅಂತ ಮಾತು ಕೊಡುತ್ತದೆ, ಇನ್ನೊಂದು ಜಾಗ ಬಿಡಿಸುತ್ತಾ ಇರುತ್ತದೆ.

ನಿಯಮಗಳು ಹಲವು, ತಿಂಗಳಿಗೊಂದು ಹೊಸದು ಬರುತ್ತದೆ, ಒಬ್ಬಿಬ್ಬರು ಪ್ರೋಗ್ರಾಮರ್ ಇದ್ದಾರೆ ಅಂದರೆ ಎಎಲ್‌ಎನ್‌ಎಸ್. ಎರಡನೇ ಮಾತಿಲ್ಲ.

ನಿಯಮ ಕಡಿಮೆ, ಗಾಡಿ ನೂರಾರು, ರಾತ್ರಿಯಿಡೀ ಲೆಕ್ಕ ಹಾಕಲು ಯಂತ್ರ ಇದೆ, ಶೇಕಡಾ ಒಂದು ಉಳಿದರೂ ದೊಡ್ಡ ಮೊತ್ತ ಅನ್ನುವವರಿಗೆ ಎಚ್‌ಜಿಎಸ್. ಅದೇ ಶೇಕಡಾ ಒಂದಕ್ಕೆ ಹತ್ತು ಗಾಡಿಯವರು ಇಷ್ಟು ಕಷ್ಟಪಡಬೇಕಾಗಿಲ್ಲ. ಅವರ ನಷ್ಟ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ: ಪ್ರಯಾಣದ ಹೊತ್ತಿನ ಕೋಷ್ಟಕದಲ್ಲಿ. 200 ವಿಳಾಸ, ಒಂದು ಡಿಪೋ ಅಂದರೆ 201ರ ವರ್ಗ, 40,401 ಅಂಕಿಗಳ ಕೋಷ್ಟಕ. ಅದನ್ನು ನೇರ ಗೆರೆಯ ದೂರದಿಂದ ತುಂಬಿದ್ದರೆ, ಅಥವಾ ಬೆಳಗಿನ ಟ್ರಾಫಿಕ್‌ಗೂ ಮಧ್ಯಾಹ್ನಕ್ಕೂ ಒಂದೇ ಅಂಕಿ ಇಟ್ಟಿದ್ದರೆ, ಎಂಥ ಅಲ್ಗಾರಿದಂ ಬಂದರೂ ಗಾಡಿ ತಡವಾಗಿಯೇ ಹೋಗುತ್ತದೆ. ಇಳಿಸುವ ಹೊತ್ತೂ ಹಾಗೇ. ಎಲ್ಲರಿಗೂ 10 ನಿಮಿಷ ಅಂತ ನಾನು ಉದಾಹರಣೆಗೆ ಬರೆದೆ. ನೀವು ಹಾಗೆ ಬರೆಯಬೇಡಿ.

ಆರಿಸುವ ಮೊದಲು ಪರೀಕ್ಷೆ ಹೀಗೆ ಮಾಡಿ. ನಿಮ್ಮದೇ ಹಳೆಯ ಹತ್ತು ದಿನದ ಆರ್ಡರ್ ತೆಗೆದುಕೊಳ್ಳಿ. ಹಬ್ಬದ ಹಿಂದಿನ ದಿನದಂಥ ಗದ್ದಲದ ದಿನ ಒಂದಾದರೂ ಇರಲಿ. ಸೊಲೊಮನ್ ಲೆಕ್ಕಗಳು ಕೋಡ್ ಸರಿ ಇದೆಯಾ ಅಂತ ನೋಡಲು ಮಾತ್ರ. ಸಿ101 ಓಡಿಸಿ, 10 ಗಾಡಿ, 828.94 ಬಂದರೆ ಕೋಡ್ ದಾರಿಯಲ್ಲಿದೆ. ಅದು ಸುಲಭದ ಲೆಕ್ಕ, ಅದೂ ಬರದಿದ್ದರೆ ಎಲ್ಲೋ ತಪ್ಪಿದೆ. ನಿಮ್ಮ ದಿನಗಳ ಮೇಲೆ ಪ್ರತಿ ವಿಧಾನವನ್ನೂ ಬೇರೆ ಬೇರೆ ಸೀಡ್ (ಯಾದೃಚ್ಛಿಕ ಆಯ್ಕೆ ಶುರುವಾಗುವ ಅಂಕಿ) ಕೊಟ್ಟು ಐದು ಸಲ ಓಡಿಸಿ. ಎಲ್ಲಕ್ಕೂ ಒಂದೇ ಸಮಯದ ಮಿತಿ, ಅದೂ ನಿಮಗೆ ನಿಜವಾಗಿ ಸಿಗುವಷ್ಟೇ. ಅತಿ ಒಳ್ಳೆಯ ಉತ್ತರಕ್ಕಿಂತ ಅತಿ ಕೆಟ್ಟ ಉತ್ತರವನ್ನು ನೋಡಿ, ಯಾಕೆಂದರೆ ದಿನಾ ಒಂದೇ ಸಲ ಓಡಿಸುತ್ತೀರಿ.

ಆಮೇಲೆ ಪ್ರತಿ ರೂಟ್‌ನ ಸ್ಲ್ಯಾಕ್ ನೋಡಿ. ನಮ್ಮ ಉದಾಹರಣೆಯಲ್ಲಿ ಡಿ ಸೇರಿದ ಮೇಲೆ ಸಿ ಹತ್ತಿರ ಉಳಿದದ್ದು ಐದು ನಿಮಿಷ. ಕಾಗದದ ಮೇಲೆ ಸರಿ, ರಸ್ತೆಯಲ್ಲಿ ಒಂದು ರೈಲ್ವೆ ಗೇಟ್ ಬಿದ್ದರೆ ಮುಗಿಯಿತು. ಎರಡು ವಿಧಾನ ಹೆಚ್ಚುಕಮ್ಮಿ ಸಮ ಇದ್ದಾಗ ನಾನು ಸ್ಲ್ಯಾಕ್ ಜಾಸ್ತಿ ಬಿಡುವುದನ್ನು ಹಿಡಿಯುತ್ತೇನೆ. ಕೊನೆಗೆ ಆ ಹತ್ತು ದಿನದ ಎರಡು ರೂಟ್ ಪ್ರಿಂಟ್ ತೆಗೆದು ಡ್ರೈವರ್ ಕೈಗೆ ಕೊಡಿ. ‘ಇದು ಆಗಲ್ಲ ಸಾರ್, ಆ ಗಲ್ಲಿಯಲ್ಲಿ ಗಾಡಿ ತಿರುಗಿಸೋಕೆ ಜಾಗ ಇಲ್ಲ’ ಅನ್ನುತ್ತಾರೆ. ಅದನ್ನು ನಿಯಮದ ಪಟ್ಟಿಗೆ ಸೇರಿಸಿ ಮತ್ತೆ ಓಡಿಸಿ.